ಪಕ್ಕೆ ಕೇಳಿದರೆ ಜಿಲೇಬಿ

ನಾವು ಲಿಂಗ ಕಟ್ಟಿದವರು. ಬಿಟಿಎಂನಲ್ಲಿ ನಮಗೆ ಬಾಡಿಗೆಗೆ ಸಿಕ್ಕಿದ್ದು ಮಹಡಿ ಮನೆ. ಕೆಳಗೆ ಓನರ್ ಅಜ್ಜಿ ಒಲೆಗೆ ಮೀನಿಟ್ಟರೆ ನಾನು ಮೇಲೆ ಊದುಬತ್ತಿ ಹಚ್ಚುತ್ತಿದ್ದೆ. ಆದರೂ ಅಜ್ಜಿ ಎಂದರೆ ನನಗೆ ಪ್ರಾಣ. ಧಾರವಾಡದ ಕಡೆಯಿಂದ ಬಂದ ಹೊಸತರಲ್ಲಿ ನನ್ನ ಮಾತಿಗೆ ಬೀದಿಯೆಲ್ಲ ನಗುತ್ತಿದ್ದಾಗ, ನಗದೆ ಕೇಳಿದವರು ಅವರೊಬ್ಬರೇ. ಅವರಿಗೆ ಕಿವಿ ಮಂದ ಎಂಬುದು ಆಮೇಲೆ ತಿಳಿಯಿತು.

ನನ್ನ ಕೈಗೆ ಮೊದಲ ಮೊಬೈಲ್ ಬಂದ ವರ್ಷ ಅಜ್ಜಿ ಜ್ವರ ಬಂದು ಮಲಗಿದರು. ಗಂಜಿಯೂ ಇಳಿಯದು. "ಪಕ್ಕೆ ಸಾರಾದ್ರೆ ಎರಡು ತುತ್ತು ಉಣ್ತೀನಿ ಕಣೇ," ಎಂದರು. ಪಕ್ಕೆ ಎಂದರೆ ಬೆರಳುದ್ದದ ಕೆರೆ ಮೀನು. ಅವರು ಹುಟ್ಟಿ ಬೆಳೆದ ಸಾರಕ್ಕಿಯ ಕೆರೆಯಲ್ಲಿ ಕಾಲಿಟ್ಟರೆ ಸಾಕು, ಮುತ್ತಿಕೊಳ್ಳುತ್ತಿದ್ದವಂತೆ. ಮೀನಿನಂಗಡಿಗೆ ಹೋಗುವಷ್ಟು ಧೈರ್ಯ ನನಗಿರಲಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದೆ.

"ಪಕ್ಕೆನಾ? ನಮ್ ಕೆರೆಗಳಲ್ಲಿ ಅದರ ಸಂತಾನನೇ ಹೋಯ್ತಲ್ಲ ಅಕ್ಕ! ಜಿಲೇಬಿ ಇದೆ, ಕೊಡ್ಲಾ?"

ಝೆರಾಕ್ಸ್ ಅಂಗಡಿಯಲ್ಲಿ ಹಾಲು ಮಾರುವ ಊರಿದು, ಮೀನಿನಂಗಡಿಯವನು ಜಿಲೇಬಿ ಕರಿದರೆ ಏನಾಶ್ಚರ್ಯ! ಕೆಟ್ಟ ಸುದ್ದಿಯನ್ನು ಬರಿಗೈಯಲ್ಲಿ ಹೇಳುವುದಕ್ಕಿಂತ ಸಿಹಿ ತಿನ್ನಿಸಿ ಹೇಳುವುದು ವಾಸಿ ಅನಿಸಿತು.

"ಅರ್ಧ ಕಿಲೊ ಕಳಸ್ರಿ ಅಣ್ಣಾ."

"ಕಟ್ ಮಾಡಿಸ್ಲಾ ಅಕ್ಕ?"

"ಜಿಲೇಬಿ ಯಾರರ ಕತ್ತರಸ್ತಾರೇನ್ರೀ? ಇಡೀವ ಕಳಸ್ರಿ!"

ಪಾಪ, ಅವನು ತೆಪ್ಪಗೆ ಕಳಿಸಿದ. ಅಜ್ಜಿಯ ಮಂಚದ ಬಳಿ ತಟ್ಟೆ ಹಿಡಿದು ಕವರ್ ಬಗ್ಗಿಸಿದೆ. ಎರಡು ಕಣ್ಣು ನನ್ನನ್ನೇ ನೋಡಿದವು. ತಟ್ಟೆ ಒಂದು ಕಡೆ, ಮೀನು ಅಜ್ಜಿಯ ಕಂಬಳಿಯ ಮೇಲೆ, ನಾನು ಕುರ್ಚಿಯ ಮೇಲೆ! ನಾನು ಕಿರುಚಿದ್ದು ಅಜ್ಜಿಗೂ ಕೇಳಿಸಿತು.

"ಅಯ್ಯೋ ಮಂಕೇ, ಜಿಲೇಬಿ ಅಂದ್ರೆ ಮೀನು ಕಣೇ! ಕೆರೆ ತುಂಬಾ ಈಗ ಅದೇ!" ಹೊಟ್ಟೆ ಹಿಡಿದುಕೊಂಡು ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ನನಗೂ ತಡೆಯಲಾಗಲಿಲ್ಲ, ಕುರ್ಚಿಯ ಮೇಲೆ ನಿಂತೇ ನಕ್ಕೆ. ನಾಲ್ಕು ದಿನದಿಂದ ಬಾಡಿದ್ದ ಮುಖ ಅರಳಿದ್ದು ಕಂಡು ಕುಣಿಯುವಷ್ಟು ಖುಷಿಯಾಯಿತು.

ಅಜ್ಜಿ ಕಣ್ಣೊರೆಸಿಕೊಂಡು ಕೇಳಿದರು: "ಸರಿ, ಪಕ್ಕೆ ಯಾವಾಗ ಬರ್ತದಂತೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವರ ಕಿವಿಗೆ ಬೀಳುವಂತೆ ಕೂಗಿಯೇ ಹೇಳಬೇಕಾಯಿತು: "ಇನ್ನ ಬರೂದಿಲ್ಲಂತ ಅಜ್ಜಿ! ಒಂದೂ ಉಳದಿಲ್ಲಂತ!"

ಅಜ್ಜಿ ಕಂಬಳಿಯ ಮೇಲಿನ ಮೀನನ್ನು ಎತ್ತಿ ತಟ್ಟೆಗಿಟ್ಟರು. "ಆಗ ಪಕ್ಕೆನ ತಿಂದು ಮುಗೀದೆ ತೆಂಗಿನ ಬುಡಕ್ಕೆ ಗೊಬ್ಬರ ಅಂತ ಸುರೀತಿದ್ವಿ ಕಣೇ," ಎಂದರು. "ಬುಟ್ಟಿಗಟ್ಲೆ. ನನ್ನ ಕೈಯಾರೆ ಸುರಿದಿದ್ದೀನಿ."