ಫ್ಯಾನಿನ ಸದ್ದಿಗೊಂದು ಸೇಡು

ಮೊನ್ನೆ ಕಂಪ್ಯೂಟರ್ ಪೆಟ್ಟಿಗೆ ಬಿಚ್ಚಿ ಬ್ರಷ್ಷಿನಲ್ಲಿ ಧೂಳು ಕೊಡವುತ್ತಿದ್ದೆ. ಕಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಹುಣಸೂರಿನ ಆ ಕಂಪ್ಯೂಟರ್ ಅಂಗಡಿಯವರು ನೆನಪಾದರು. ಅವರ ಅಂಗಡಿ ತುಂಬ ಇದೇ ವಾಸನೆ... ಜೊತೆಗೆ ನನ್ನ ಹಳೆಯ ಸಿಟ್ಟೂ ಎದ್ದು ಕೂತಿತು.

ನಾನು ಆಟೋ ಪ್ರಚಾರಕ್ಕೆ ಧ್ವನಿ ಕೊಡುವವನು. ಮೈಕ್ ಕಟ್ಟಿಕೊಂಡು ಹಳ್ಳಿಹಳ್ಳಿ ಸುತ್ತುವ ಆಟೋಗಳಲ್ಲಿ ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿಯ ಜಾಹೀರಾತು ಬರುತ್ತದಲ್ಲ, ಅದು. ಆ ಕಂಪ್ಯೂಟರ್ ಅಂಗಡಿಯವರಲ್ಲೇ ಒಂದೊಂದೇ ಸಾಮಾನು ಕೊಂಡು ಮನೆಯಲ್ಲಿ ಕಂಪ್ಯೂಟರ್ ಜೋಡಿಸಿ, ಅದರ ಪಕ್ಕದಲ್ಲೇ ಕೂತು ರೆಕಾರ್ಡ್ ಮಾಡುತ್ತಿದ್ದೆ. ಅವರ ಕಿವಿ ಎಂಥದ್ದೆಂದರೆ, ಬಾಗಿಲಲ್ಲಿ ನಿಂತೇ ಒಳಗಿನ ಯಾವ ಫ್ಯಾನ್ ಸವೆದಿದೆ ಎಂದು ಹೇಳಿಬಿಡುತ್ತಿದ್ದರು. ಒಂದು ದಿನ ತಮ್ಮ ಅಂಗಡಿಗೆ ಬಂದಿದ್ದ ಗೊಬ್ಬರದಂಗಡಿ ಯಜಮಾನರ ಮುಂದೆ ನನ್ನ ರೆಕಾರ್ಡಿಂಗ್ ಹಾಕಿ, ಅರ್ಧಕ್ಕೇ ನಿಲ್ಲಿಸಿದರು.

"ಇವ್ನ ಮಾತಿನ ಹಿಂದೆ ಗುಂಯ್ ಅಂತೈತಲ್ಲ, ಕೇಳುಸ್ತಾ ಸ್ವಾಮಿ? ಇವ್ನು ಕಟ್ಟಿರೋದು ಕಂಪ್ಯೂಟರ್ ಅಲ್ಲ ಕಣ್ರೀ, ರಾಗಿ ಮಿಷನ್ನು."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಗೊಬ್ಬರದವರ ಕೆಲಸ ಬೇರೆಯವರ ಪಾಲಾಯಿತು. ಇದೇ ಮನುಷ್ಯನ ಬಾಯಲ್ಲಿ ಸದ್ದಿಲ್ಲ ಅನ್ನಿಸದಿದ್ದರೆ ನಾನು ನಮ್ಮಪ್ಪನ ಮಗನೇ ಅಲ್ಲ ಎಂದುಕೊಂಡೆ.

ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಎಲೆ ಹದ ಮಾಡುವ ಬ್ಯಾರನ್ನಿನ ಕಿಂಡಿಗಳಿಗೆ ಗೋಣಿಚೀಲ ತುರುಕಿ ತುರುಕಿ ಅಭ್ಯಾಸವಾಗಿದ್ದ ಕೈ ನನ್ನದು. ಪೆಟ್ಟಿಗೆಗೂ ಅದನ್ನೇ ಮಾಡಿದೆ. ಸದ್ದೇನೋ ಅಡಗಿತು. ಆದರೆ ಶಾಖ ತೊಂಬತ್ತೈದು ಡಿಗ್ರಿಗೆ ಏರಿ, ನಾನಿನ್ನೂ ಜಾಹೀರಾತು ಓದುತ್ತಿರುವಾಗಲೇ ಕಂಪ್ಯೂಟರ್ ಆರಿಹೋಯಿತು. ಅಪ್ಪ ಮುಟ್ಟಿ ನೋಡಿ, ಸುಟ್ಟಂತಾಗಿ ಕೈ ಹಿಂದಕ್ಕೆಳೆದುಕೊಂಡ.

"ಕಿಂಡಿ ಮುಚ್ಚೋದು ಎಲೆ ಹಣ್ಣಾಗೋಗಂಟ ಕಣ್ಲಾ. ಆಮೇಲೂ ಮುಚ್ಚುದ್ರೆ ಬೆಂದೋಯ್ತದೆ. ಕೆಳಗಿಂದ ತಣ್ಣನ್ ಗಾಳಿ ಬುಡು, ಮೇಲಿಂದ ಬಿಸಿ ಓಗ್ಲಿ."

ಚೀಲ ಕಿತ್ತೆಸೆದೆ. ಮುಂದುಗಡೆ ಕೆಳಗೆ ಗಾಳಿ ಎಳೆಯುವ ದೊಡ್ಡ ಫ್ಯಾನ್, ಹಿಂದುಗಡೆ ಮೇಲೆ ಹೊರಕ್ಕೆ ದಬ್ಬುವ ಇನ್ನೊಂದು ಹಾಕಿದೆ. ದೊಡ್ಡವಾದ್ದರಿಂದ ನಿಧಾನ ತಿರುಗಿದರೂ ಸಾಕಾಗುತ್ತಿತ್ತು. ಅರವತ್ತು ಡಿಗ್ರಿ ದಾಟುವ ತನಕ ಅವುಗಳ ವೇಗ ಏರದಂತೆ ಹೊಂದಿಸಿದೆ. ಸ್ಕ್ರೂಗಳ ಕೆಳಗೆ ಸೈಕಲ್ ಟ್ಯೂಬಿನ ತುಂಡು ಕೊಟ್ಟು ನಡುಕ ನಿಲ್ಲಿಸಿದೆ. ಮತ್ತೆ ಬಿಚ್ಚುವುದು, ಮತ್ತೆ ಕಟ್ಟುವುದು... ಹೀಗೇ ಒಂದೂವರೆ ವರ್ಷ. ಸೇಡಿಗೆ ಅಷ್ಟು ತಾಳ್ಮೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಕೊನೆಗೆ ಹುಣಸೂರಿಗೆ ಹೋದರೆ ಅಂಗಡಿಯ ಬಾಗಿಲು ಹಾಕಿತ್ತು. ಬಿಡಲಿಲ್ಲ, ಪೆಟ್ಟಿಗೆ ಹೊತ್ತು ಅವರ ಮನೆಗೇ ಹೋದೆ. ಒಂದು ಮಾತೂ ಆಡದೆ ಅವರೆದುರು ಇಟ್ಟು ಚಾಲೂ ಮಾಡಿದೆ. ಅವರು ಬಗ್ಗಿ, ಕಿವಿ ಆನಿಸಿ, ಬಹಳ ಹೊತ್ತು ಹಾಗೇ ಕೂತರು.

"ಸದ್ದೇ ಇಲ್ಲ ಕಣ್ಲಾ," ಎಂದರು.

ಗೆದ್ದೆ ಎಂದುಕೊಂಡೆ. ಒಳಗಿನಿಂದ ಕಾಫಿ ತಂದ ಅವರ ಹೆಂಡತಿ ನನ್ನನ್ನು ನೋಡಿ ಹೇಳಿದರು: "ಏನಾರ ಹೇಳೋದಿದ್ರೆ ಬರ್ದು ತೋರ್ಸಪ್ಪ. ವರ್ಷದಿಂದ ಅವ್ರಿಗೆ ಏನೂ ಕೇಳ್ಸಲ್ಲ. ಅದ್ಕೇ ಅಂಗ್ಡಿ ಮುಚ್ಚಿದ್ದು."

ಅವರು ಇನ್ನೂ ಪೆಟ್ಟಿಗೆಗೆ ಕಿವಿ ಆನಿಸಿಕೊಂಡೇ ಇದ್ದರು. ಸುಳ್ಳೇಕೆ ಹೇಳಲಿ, ನನಗೆ ಕನಿಕರ ಬರಲಿಲ್ಲ. ಮೋಸವಾಯಿತು ಅನ್ನಿಸಿತು.

ಅವರು ತೀರಿಕೊಂಡು ಎರಡು ವರ್ಷವಾಯಿತು. ಈಗ ನನ್ನ ಧ್ವನಿ ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಆಟೋಗಳಲ್ಲೂ ಓಡಾಡುತ್ತದೆ. ಕೇಳಿದವರು ಧ್ವನಿ ಚೆನ್ನಾಗಿದೆ ಎನ್ನುತ್ತಾರೆ. ಅದರ ಹಿಂದೆ ಏನೂ ಇಲ್ಲವೆಂಬುದು ಒಬ್ಬರ ಗಮನಕ್ಕೂ ಬರುವುದಿಲ್ಲ. ಬರುತ್ತಿದ್ದುದು ಆ ಅಂಗಡಿಯವರೊಬ್ಬರ ಗಮನಕ್ಕೆ. ಅವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.