ಹನ್ನೆರಡು ತಾಸಿನ ಗುಳಿಗೆ

ಕೋವಿಡ್ ಇಳಿದ ಮರುವರ್ಷ ನಾನು ಧಾರವಾಡದ ಆಸ್ಪತ್ರೆಯೊಂದರಲ್ಲಿ ಪ್ಯಾಲಿಯೇಟಿವ್ ಕೇರ್ ಡಾಕ್ಟರಾಗಿದ್ದೆ. ವಾಸಿಯಾಗದ ಕಾಯಿಲೆಯವರ ನೋವು, ಉಬ್ಬಸ, ಅಂಜಿಕೆಗೆ ಅವರ ಮನೆಗೇ ಹೋಗಿ ಚಿಕಿತ್ಸೆ ಕೊಡುವ ಕೆಲಸ. 'ಎಲ್ಲಾರೂ ಕೈಚೆಲ್ಲಿದ ಮ್ಯಾಲ ಬರೋ ಡಾಕ್ಟರ್' ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೈಚೆಲ್ಲುವ ಮಾತೆಲ್ಲಿ ಬಂತು? ನಮ್ಮ ಕೆಲಸ ಶುರುವಾಗುವುದೇ ಅಲ್ಲಿಂದ.

ಲಕಮನಹಳ್ಳಿಯ ಖಾದರಸಾಬರು ಲೇಥ್ ಮಷೀನಿನ ಮೇಸ್ತ್ರಿ. ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿತ್ತು. ನಾಲ್ಕು ತಾಸಿಗೊಂದು ಮಾರ್ಫಿನ್ ಗುಳಿಗೆ ಬರೆದು, ನೋವು ಬರುವ ತನಕ ಕಾಯಬೇಡಿ, ಗಡಿಯಾರ ನೋಡಿ ನುಂಗಿ ಎಂದು ಹೇಳಿದೆ. ಮೂರು ವಾರ ಆರಾಮಾಗಿದ್ದರು. ನಾಲ್ಕನೆಯ ವಾರ ಹೋದರೆ ಹಲ್ಲು ಕಚ್ಚಿಕೊಂಡು ಮಲಗಿದ್ದರು.

"ಗುಳಿಗಿ ತಗೊಳ್ಳಾಕತ್ತೀರಿಲ್ಲೋ?"

"ತಗೊಳ್ಳಾಕತ್ತೇನ್ರಿ, ಡಾಕ್ಟರ್ ಬಾಯೋರ."

ಡೋಸ್ ಏರಿಸಿ ಎದ್ದೆ. ಹೆಬ್ಬಳ್ಳಿಯಲ್ಲಿ ಇನ್ನೊಬ್ಬರು ಕಾಯುತ್ತಿದ್ದರು. ರಂಜಾನ್ ತಿಂಗಳೆಂಬುದು ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಹಾಸಿಗೆ ಹಿಡಿದವರು ಉಪವಾಸ ಮಾಡಿಯಾರೆಂದು ಹೊಳೆಯಲೇ ಇಲ್ಲ.

ಐದು ದಿನದ ಮೇಲೆ ಅವರ ಹೆಂಡತಿ ಮೆಹಬೂಬಿ ಅಳುತ್ತ ಫೋನ್ ಮಾಡಿದರು. ಓಡಿದೆ.

"ರೋಜಾ ಹಿಡದಿದ್ರು ಬಾಯೋರ. ಹಗಲೊತ್ತು ಗುಳಿಗಿ ಇಲ್ಲ, ನೀರೂ ಇಲ್ಲ. ನಿನ್ನಿ ಮಧ್ಯಾಹ್ನ ತಡಕೊಳ್ಳಾಕ ಆಗದ ನುಂಗಿಬಿಟ್ರು. ಆಗಿಂದ ಮಾರಿ ಗ್ವಾಡಿ ಕಡೆ ಮಾಡಿ ಮಲಗ್ಯಾರ."

ನನಗೆ ಸಿಟ್ಟು ನೆತ್ತಿಗೇರಿತು. "ಬ್ಯಾನಿ ಇದ್ದವರಿಗೆ ಮಾಫಿ ಐತಲ್ರೀ! ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಬ್ಯಾಡ ಅಂತಿದ್ರಿ," ಎಂದರು ಖಾದರಸಾಬರು, ತಿರುಗದೆ. "ಮಾಫಿ ಐತಿ, ಗೊತ್ತೈತ್ರಿ. ಮುಂದಿನ ರಂಜಾನ್ ನನಗೆಲ್ಲೈತಿ? ಇದೊಂದು ಪೂರಾ ಮಾಡಬೇಕಂತಿದ್ದೆ."

ಖರೇ, ಬೇಡ ಎಂದೇ ಅನ್ನುತ್ತಿದ್ದೆ. ಆದರೆ ಹನ್ನೆರಡು ತಾಸು ಕೆಲಸ ಮಾಡುವ ಮಾರ್ಫಿನ್ ಗುಳಿಗೆ ನಮ್ಮ ಕಪಾಟಿನಲ್ಲೇ ಇತ್ತು. ನಸುಕಿನ ಸಹರಿ ಊಟಕ್ಕೊಂದು, ಸಂಜೆ ರೋಜಾ ಬಿಡುವಾಗೊಂದು. ಹಗಲಿನ ಬಹುಪಾಲು ನೋವಿಲ್ಲದೆ ಕಳೆಯುತ್ತಿತ್ತು. ಅಂದು ಸಂಜೆಯೇ ತಂದುಕೊಟ್ಟೆ.

ಅವರು ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. "ಇದು ಮೊದಲ ಇತ್ತೇನ್ರಿ ನಿಮ್ಮ ಕಡೆ?"

"ಇತ್ತು."

ಮರುದಿನ ಜ್ವರ ಬಂತು. ಮತ್ತೆ ರೋಜಾ ಹಿಡಿಯುವ ಶಕ್ತಿ ಬರಲಿಲ್ಲ. ಹಬ್ಬಕ್ಕೆ ನಾಲ್ಕು ದಿನವಿರುವಾಗ ತೀರಿಕೊಂಡರು, ನೋವಿಲ್ಲದೆ.

ನೋವು ಎಷ್ಟಿದೆ ಎಂದು ಕೇಳುವುದನ್ನು ನನಗೆ ಕಾಲೇಜು ಕಲಿಸಿತ್ತು. ಈಗ ಯಾವ ಮನೆಗೆ ಹೋದರೂ, "ನಿಮಗ ಏನೇನು ಮಾಡೋದು ಬಾಕಿ ಐತ್ರಿ?" ಎಂದು ಕೇಳದೆ ಔಷಧ ಬರೆಯುವುದಿಲ್ಲ. ಚಿಕಿತ್ಸೆ ಅಲ್ಲಿಂದ ಶುರುವಾಗಬೇಕೆಂದು ಕಲಿಸಿದವರು ಖಾದರಸಾಬರು. ಆ ಸಂಜೆ ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಇರ್ಲಿ ಬಿಡ್ರಿ, ನಾನ ಹೇಳಲಿಲ್ಲ, ನೀವರ ಏನ್ ಮಾಡಾಕಾಗ್ತಿತ್ತು?" ಎಂದು ನನಗೇ ಸಮಾಧಾನ ಹೇಳಿದರು.

ಮಾಡಬಹುದಿತ್ತು. ಅದೇ ನನ್ನನ್ನು ಇವತ್ತಿಗೂ ಕಾಡುತ್ತದೆ.