ನೊಣಗಳ ಸಲುವಾಗಿ ಬಿಟ್ಟ ಬೆಲ್ಲ

ಕಲ್ಲೋಳಿಯ ಕಮಲಾಬಾಯಿಯ ಮನೆಯಲ್ಲಿ ಮನುಷ್ಯರಿಗೆ ಬೈಗುಳ ಧಾರಾಳ, ಇರುವೆಗೆ ಮಾತ್ರ ಎಲ್ಲರೂ ದಾರಿ ಬಿಡಬೇಕು. ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ಉಣ್ಣುವುದಿಲ್ಲ, ಸೋಸದ ನೀರು ಕೊಡದೊಳಗೆ ಬೀಳುವುದಿಲ್ಲ. ಅಂಥ ಜೈನರ ಮನೆಗೆ ಮೊಮ್ಮಗಳು ತ್ರಿಶಲಾ, ೧೯೯೯ರ ದೀಪಾವಳಿ ರಜೆಯಲ್ಲಿ, ಪುಣೆಯಿಂದ ಒಂದು ಬಾಟಲಿ ನೊಣ ತಂದಳು. ಕೇಳಿದವರು ನಗದೆ ಇರುತ್ತಾರೆಯೇ?

ಕೊಳೆತ ಹಣ್ಣಿಗೆ ಮುತ್ತುವ ಸಣ್ಣ ನೊಣ ಅದು. ಅದರ ಮೊಟ್ಟೆಯೊಳಗೆ ನರಮಂಡಲ ಹೇಗೆ ಬೆಳೆಯುತ್ತದೆ ಎಂಬುದೇ ತ್ರಿಶಲಾಳ ಸಂಶೋಧನೆ. ಒಂದು ಜೀನು ಮೈಯ ಎಲ್ಲ ಜೀವಕೋಶಗಳಲ್ಲೂ ಇರುತ್ತದೆ, ಆದರೆ ಕೆಲವೇ ಕೋಶಗಳಲ್ಲಿ, ತನ್ನದೇ ಹೊತ್ತಿಗೆ ಎಚ್ಚರಾಗುತ್ತದೆ. ಅವಳ ತಳಿಯ ಮೊಟ್ಟೆಗಳಿಗೆ ಬಣ್ಣ ಹಾಕಿದರೆ ಹಾಗೆ ಎಚ್ಚರಾದ ಕೋಶಗಳಷ್ಟೇ ನೀಲಿಯಾಗುತ್ತಿದ್ದವು. ಈ ತಳಿಯ ಗುರುತು ಕಿತ್ತಳೆ ಕಣ್ಣು. ಪ್ರಯೋಗಾಲಯದ ಉಳಿದ ಬಾಟಲಿಗಳಿಗೆಲ್ಲ ಬೂಸ್ಟು ಹಿಡಿದು ಕೈಯಲ್ಲಿ ಉಳಿದದ್ದು ಇದೊಂದೇ. ಇದೂ ಹೋದರೆ ಅಷ್ಟೂ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತೆ. ಅದಕ್ಕೇ ಬಸ್ಸಿನಲ್ಲಿ ಬಾಟಲಿಯನ್ನು ಮಡಿಲಿಂದ ಇಳಿಸದೆ ಬಂದಿದ್ದಳು.

ಅಮಾವಾಸ್ಯೆ, ಮಹಾವೀರರು ಮೋಕ್ಷ ಹೊಂದಿದ ದಿನ. ತ್ರಿಶಲಾ ಬಾಟಲಿಯ ಬಾಯಿಗೆ ಹೊಸ ಹತ್ತಿ ತರಲು ಗೋಕಾಕಕ್ಕೆ ಹೋಗಿ ಬಂದು ನೋಡುತ್ತಾಳೆ: ಬಾಟಲಿಯ ಬಾಯಿಗೆ ಹತ್ತಿ ಇದೆ, ಒಳಗೆ ಒಂದೂ ನೊಣವಿಲ್ಲ.

“ಆಯಿ! ನೊಣಾ ಎಲ್ಲಿ?”

“ಬಿಟ್ಟೆ,” ಎಂದಳು ಅಜ್ಜಿ. “ಇಂಥಾ ದಿವಸ ಮನ್ಯಾಗ ಜೀವಾ ಕೂಡಿ ಹಾಕ್ತಾರೇನ?”

ತ್ರಿಶಲಾ ಅಲ್ಲೇ ಕೂತು ಅಳತೊಡಗಿದಳು. ಕಮಲಾಬಾಯಿಗೆ ಗಾಬರಿ.

“ಅಳಬ್ಯಾಡ ನನ್ನವ್ವ. ಹಾರೂವಷ್ಟ ಬಿಟ್ಟೇನಿ. ಹುಳಾ ಒಳಗ ಅದಾವ ನೋಡು. ಕೂಸ ಅವು, ಹೊರಗ ಹಾಕಿದ್ರ ಇರುವಿ ತಿಂತಾವಂತ ಹತ್ತಿ ಹೊಳ್ಳಿ ಇಟ್ಟೇನಿ.”

ತ್ರಿಶಲಾ ಬಾಟಲಿಯನ್ನು ಬೆಳಕಿಗೆ ಹಿಡಿದಳು. ತಳದ ಆಹಾರದಲ್ಲಿ ಮರಿಹುಳುಗಳು ಹರಿದಾಡುತ್ತಿದ್ದವು. ನೊಣಗಳನ್ನು ಹಾರಿಬಿಟ್ಟ ದಯೆಯೇ ಅವುಗಳ ವಂಶವನ್ನೂ ಉಳಿಸಿತ್ತು. ಅಜ್ಜಿಯನ್ನು ತಬ್ಬಿಕೊಂಡು, ಅಳುತ್ತಲೇ ನಕ್ಕಳು.

ಕೆಲವು ದಿನಗಳಲ್ಲಿ ಹೊಸ ನೊಣಗಳು ಹೊರಬಂದವು. ಭೂತಗನ್ನಡಿಯಲ್ಲಿ ಅವುಗಳ ಕಣ್ಣು ನೋಡಿ ಕಮಲಾಬಾಯಿ ಬೆರಗಾದಳು. ತ್ರಿಶಲಾ ಹುರುಪಿನಲ್ಲಿ ಮೊಟ್ಟೆ, ನರ, ನೀಲಿ ಬಣ್ಣ ಎಲ್ಲವನ್ನೂ ವಿವರಿಸಿದಳು. ಅಜ್ಜಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು.

“ಬಣ್ಣಾ ಹಾಕಿದ ಮ್ಯಾಲ ಒಳಗಿನ ಕೂಸ ಬದಕ್ತೈತೇನ?”

ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ. “ಇಲ್ಲ ಆಯಿ. ಸಾಯ್ತೈತಿ.”

ಕಮಲಾಬಾಯಿ ಭೂತಗನ್ನಡಿಯನ್ನು ಕೆಳಗಿಟ್ಟಳು. “ನಾ ಹೂಂ ಅನ್ನಂಗಿಲ್ಲ. ಬ್ಯಾಡ ಅಂತನೂ ಅನ್ನಂಗಿಲ್ಲ,” ಎಂದಳು. “ನೀ ಕಲಿ. ನಿನ್ನ ಕಲಿಯೂದ ಮುಗಿಯೂತನಕ, ಆ ಜೀವದ ಸಲುವಾಗಿ, ನಾ ಬೆಲ್ಲಾ ಬಿಟ್ಟೆ.”

ಮೊಮ್ಮಗಳ ಪಾಪದ ಪಾಲನ್ನು ತಾನು ಹೊತ್ತುಕೊಂಡಳು, ಅಷ್ಟೇ. ಕಬ್ಬಿನ ಸೀಮೆಯಲ್ಲಿ ಹುಟ್ಟಿ, ಬೆಲ್ಲದ ಚೂರು ಬಾಯಿಗೆ ಬೀಳದೆ ಊಟದಿಂದ ಏಳದವಳು ಅವಳು! ಅದೇ ಮಧ್ಯಾಹ್ನ ನೊಣಗಳ ಹೊಸ ಆಹಾರಕ್ಕೆಂದು ರವೆ, ಬೆಲ್ಲ ಕುದಿಸಿಕೊಟ್ಟವಳೂ ಅವಳೇ. ಸೌಟಿಗೆ ಹತ್ತಿದ್ದನ್ನು ಬೆರಳಲ್ಲೂ ಮುಟ್ಟಲಿಲ್ಲ. ಮುಂದೆ ಸಂಕ್ರಾಂತಿ ಬಂತು, ಯುಗಾದಿ ಬಂತು, ಹೋಳಿಗೆಯ ತಾಟು ಅವಳ ಮುಂದಿನಿಂದ ಹಾಗೇ ಹೋಯಿತು. ಪುಣೆಯಲ್ಲಿ ಸೂಕ್ಷ್ಮದರ್ಶಕದಡಿ ನೀಲಿ ಕೋಶಗಳು ಕಂಡಾಗಲೆಲ್ಲ ತ್ರಿಶಲಾಳ ಎದೆ ಅಜ್ಜಿಯ ನೆನಪಿಗೆ ತುಂಬಿ ಬರುತ್ತಿತ್ತು. ಈ ಕೆಲಸವನ್ನು ಅವಳು ಒಂದು ದಿನವೂ ಹಗುರಾಗಿ ಮಾಡಲಿಲ್ಲ, ಬೇಕಾದ್ದಕ್ಕಿಂತ ಒಂದು ಮೊಟ್ಟೆಯನ್ನೂ ಹೆಚ್ಚು ತೆಗೆದುಕೊಳ್ಳಲಿಲ್ಲ. ಅದಕ್ಕೆ ಅವಳು ಋಣಿಯಾದದ್ದು ಗುರುಗಳಿಗಲ್ಲ, ಕಮಲಾಬಾಯಿಗೆ.

೨೦೦೨ರಲ್ಲಿ ಪದವಿ ಸಿಕ್ಕಿತು. ಕುಲಗೋಡದ ಗಾಣದಿಂದ ಹೊಸ ಬೆಲ್ಲ ಹಿಡಿದು ತ್ರಿಶಲಾ ನೇರ ಅಜ್ಜಿಯ ಮುಂದೆ ಕೂತಳು.

“ಮುಗೀತ ಆಯಿ. ಬಾಯಿ ತಗಿ.”

ಕಮಲಾಬಾಯಿ ಬಾಯಿ ತೆರೆಯಲಿಲ್ಲ. “ನಿನ್ನ ಕೆಲಸ ಆತು. ನೊಣಾ ಏನ ಮಾಡಿದ್ರಿ?”

“ಅದಾವ. ಮೊಮ್ಮಕ್ಕಳು, ಮರಿಮಕ್ಕಳು ಆಗ್ಯಾವ. ಉಳದಾವನ್ನ ಯಾರೂ ಕೊಂದಿಲ್ಲ.”

“ಖರೆ?”

“ನಿನ್ನಾಣಿ.”

ಆಗ ಅವಳು ಬಾಯಿ ತೆರೆದಳು. ಬೆಲ್ಲವಿಟ್ಟ ಮೊಮ್ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೇ, ಕಣ್ಣು ಮುಚ್ಚಿ ಚೀಪತೊಡಗಿದಳು.